ಕಲ್ಲಿಗೆ ಇಟ್ಟ ಕುಂಕುಮ

ಆ ಕಲ್ಲನ್ನು ಮೊದಲ ಸಲ ತೋರಿಸಿದಾಗ ಅಪ್ಪ ಅದನ್ನು ಬೆರಳಿನಿಂದ ಉಜ್ಜಿದರು, ಮೂಸಿದರು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿದ ನೋಟ, ಇವಳನ್ನು ಓದಿಸಿದ್ದೆಲ್ಲ ದಂಡವಾಯಿತಲ್ಲ ಎನ್ನುವಂತಿತ್ತು.

"ಇದರಾಗೆ ಚಿನ್ನ ಐತಾ? ಒಲೆ ಬೂದಿ ಇದ್ದಂಗೈತೆ," ಎಂದರು.

ಅದು 2008ರ ಆಗಸ್ಟ್, ಅಮೆರಿಕದ ಬೇಸಿಗೆಯ ಕೊನೆ. ನ್ಯೂಯಾರ್ಕಿಗೆ ಹತ್ತಿರದ ಕ್ರ್ಯಾನ್‌ಬರಿಯ ಗೋದಾಮುಗಳ ಸಾಲಿನಲ್ಲಿ ಒಂದು ಗೋದಾಮಿನ ಹಿಂದಿನ ಮೂಲೆ ಚಿನ್ನ ಹುಡುಕುವ ನಮ್ಮ ಕಂಪನಿಯದು. ಮುಂದಿನ ಭಾಗದಲ್ಲಿ ಬಾತ್‌ರೂಮಿನ ಟೈಲ್ಸ್, ಹಿಂದೆ ನೆವಾಡಾದ ಮರುಭೂಮಿಯಿಂದ ಲಾರಿಯಲ್ಲಿ ಬಂದ ಕಲ್ಲು. ಭೂಮಿಯನ್ನು ಕೊರೆದು ಕೋಲು ಕೋಲಾಗಿ ಹೊರತೆಗೆದ ಕಲ್ಲಿಗೆ ನಾವು ಕೋರ್ ಎನ್ನುತ್ತೇವೆ. ಅದನ್ನು ಅಲ್ಲೇ ಮರುಭೂಮಿಯಲ್ಲಿ ನೋಡಿ, ಅಲ್ಲೇ ತುಂಡು ಮಾಡಿ ಪರೀಕ್ಷೆಗೆ ಕಳಿಸುವುದು ಲೋಕರೂಢಿ. ಆದರೆ ನಮಗೆ ದುಡ್ಡು ಹಾಕಿದವರು ನ್ಯೂಯಾರ್ಕಿನ ಮಂದಿ. ಅವರಿಗೆ ತಮ್ಮ ಕಲ್ಲನ್ನು ಕಣ್ಣಾರೆ ನೋಡಬೇಕು, ನೋಡಿ ಊಟದ ಹೊತ್ತಿಗೆ ಮ್ಯಾನ್‌ಹ್ಯಾಟನ್ನಿಗೆ ವಾಪಸ್ಸಾಗಬೇಕು. ಹೀಗಾಗಿ ದೇಶದ ಆ ತುದಿಯ ಕಲ್ಲು ಈ ತುದಿಗೆ ಪ್ರಯಾಣ ಮಾಡುತ್ತಿತ್ತು. ಮರುಭೂಮಿಯ ಭೂವಿಜ್ಞಾನಿಗಳು ಕೇಳಿದರೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಗಂಡನ ಕೆಲಸ ನ್ಯೂಯಾರ್ಕಿನ ಬ್ಯಾಂಕಿನಲ್ಲಿ, ಮನೆ ಗೋದಾಮಿನ ಪಕ್ಕದೂರು ಮನ್ರೋದಲ್ಲಿ. ಮನೆಯಿಂದ ಇಷ್ಟು ಹತ್ತಿರದಲ್ಲಿ ಕಲ್ಲು ಮುಟ್ಟುವ ಕೆಲಸ ಭೂವಿಜ್ಞಾನ ಓದಿದ ನನಗೆ ಇನ್ನೆಲ್ಲೂ ಸಿಗುವಂತಿರಲಿಲ್ಲ.

ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿದ್ದವರು. ಬದುಕಿನ ಮುಕ್ಕಾಲು ಪಾಲು ನೆಲದ ಕೆಳಗೇ ಕಳೆದರು. ಗಣಿ ಮುಚ್ಚಿತು, ಕೆಲವು ವರ್ಷಗಳ ಮೇಲೆ ಅಮ್ಮನೂ ಹೋದಳು. ಹಠ ಮಾಡಿ ನಾನೇ ಅವರನ್ನು ವಿಸಿಟರ್ ವೀಸಾದ ಮೇಲೆ ಕರೆಸಿಕೊಂಡಿದ್ದೆ. ಮನ್ರೋದ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚು. ವಾಕಿಂಗ್ ಹೋದ ಅಪ್ಪ ಒಮ್ಮೆ ಗುಜರಾತಿ ಆಂಟಿಯೊಬ್ಬರ ಮನೆಗೆ ನಮ್ಮ ಮನೆಯೆಂದೇ ನುಗ್ಗಿ, ಸೋಫಾದ ಮೇಲೆ ಕೂತು ಬೂಟು ಬಿಚ್ಚಿದ್ದರು. ಆಂಟಿ ಚಹಾ ಕೊಟ್ಟು ಕಳಿಸಿದರಂತೆ. ಆಮೇಲೆ ಅಪ್ಪ ವಾಕಿಂಗನ್ನೇ ನಿಲ್ಲಿಸಿ ಕಿಟಕಿಯ ಹತ್ತಿರ ಕೂರತೊಡಗಿದರು. ಅದನ್ನು ನೋಡಲಾಗದೆ ನಮ್ಮ ಮುಖ್ಯಸ್ಥರನ್ನು ಕೇಳಿ, ಅವರನ್ನು ಗೋದಾಮಿಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಮುಖ್ಯಸ್ಥರು ಅರವತ್ತು ದಾಟಿದ ಅಮೆರಿಕನ್ ಭೂವಿಜ್ಞಾನಿ. ಮರುಭೂಮಿಯ ಆ ಒಂದು ತುಂಡು ನೆಲದ ಹಿಂದೆ ಬಿದ್ದು ಸಂಸಾರವನ್ನೂ ಕಳೆದುಕೊಂಡವರು. ಚಿನ್ನದ ಗಣಿಯ ಹಳೆಯ ಫೋರ್‌ಮನ್ ಎಂದು ಕೇಳಿದ್ದೇ, ಅಪ್ಪನಿಗಾಗಿ ಒಂದು ಕುರ್ಚಿ ತರಿಸಿದರು.

ಅಪ್ಪನಿಗೆ ಗೊತ್ತಿದ್ದ ಚಿನ್ನವೇ ಬೇರೆ. ಕೋಲಾರದಲ್ಲಿ ಕಬ್ಬಿಣದಂತಹ ಕಪ್ಪು ಕಲ್ಲು, ಅದರ ನಡುವೆ ಬಿಳಿಯ ಬೆಣಚುಕಲ್ಲಿನ ಎಳೆ. ಅದೃಷ್ಟವಿದ್ದರೆ ಆ ಎಳೆಯಲ್ಲಿ ಹೊಳೆಯುವ ಚಿನ್ನ, ಬರಿಗಣ್ಣಿಗೇ ಕಾಣುವಂಥದ್ದು. ನೆವಾಡಾದ ಕಥೆ ಹಾಗಲ್ಲ. ಅಲ್ಲೊಮ್ಮೆ ಸಮುದ್ರವಿತ್ತು. ಅದರ ತಳದಲ್ಲಿ ಕೆಸರು ಮತ್ತು ಸುಣ್ಣ ಪದರ ಪದರವಾಗಿ ಕೂತು ಕಲ್ಲಾದವು. ಎಷ್ಟೋ ಕೋಟಿ ವರ್ಷಗಳ ಮೇಲೆ ನೆಲ ಬಿರಿದು, ಆಳದಿಂದ ಬಿಸಿನೀರು ಆ ಬಿರುಕುಗಳಲ್ಲಿ ಮೇಲೆದ್ದಿತು. ಅದು ಕಲ್ಲಿನೊಳಗಿನ ಸುಣ್ಣವನ್ನು ತಿಂದು, ಆ ಜಾಗದಲ್ಲಿ ಚಿನ್ನವನ್ನು ಬಿಟ್ಟುಹೋಯಿತು. ಆ ಚಿನ್ನದ ಕಣ ಎಷ್ಟು ಸಣ್ಣದೆಂದರೆ ಮಸೂರ ಹಿಡಿದರೂ ಕಾಣುವುದಿಲ್ಲ. ಬೇಡವೆಂದು ಎಸೆಯುವಂಥ ಮಸಿ ಬಣ್ಣದ ಮೆದು ಕಲ್ಲೇ ಅಲ್ಲಿ ಅದರ ಮನೆ.

ಇದನ್ನು ಅಪ್ಪನಿಗೆ ನಂಬಿಸಲು ಒಂದು ದಿನ ಆಸಿಡ್ ಸೀಸೆ ತೆಗೆದೆ. ಒಳ್ಳೆಯ ಸುಣ್ಣದಕಲ್ಲಿನ ಮೇಲೆ ಒಂದು ಹನಿ ಬಿಟ್ಟರೆ ಬುಸಬುಸ ನೊರೆ ಬರುತ್ತದೆ. ಮಸಿಕಲ್ಲಿನ ಮೇಲೆ ಬಿಟ್ಟಾಗ ಹನಿ ಸುಮ್ಮನೆ ಹಿಂಗಿಹೋಯಿತು. ಸುಣ್ಣ ಹೋಗಿದೆ, ಬಿಸಿನೀರು ಇಲ್ಲಿ ಬಂದಿತ್ತು, ಚಿನ್ನ ಇದ್ದರೆ ಇಂಥ ಕಡೆಯೇ ಇರಬೇಕು ಎಂದು ಹೇಳಿದೆ. ಇದರ ಜೊತೆಗೆ ಪಾದರಸ, ಆರ್ಸೆನಿಕ್, ಆಂಟಿಮನಿಯಂಥವೂ ಮೇಲೆದ್ದು ಬರುತ್ತವೆ, ಚಿನ್ನ ಆಳದಲ್ಲಿದ್ದರೂ ಇವು ಮೇಲೆ ಸಿಕ್ಕಿ ದಾರಿ ತೋರಿಸುತ್ತವೆ ಎಂದೂ ಹೇಳಿದೆ. ಅಪ್ಪ ಸೀಸೆಯನ್ನು ನನ್ನ ಕೈಯಿಂದ ಕಸಿದುಕೊಂಡು ಸಂಜೆಯವರೆಗೆ ಕಲ್ಲುಗಳಿಗೆಲ್ಲ ಹನಿ ಹಾಕುತ್ತ ಕೂತರು. ಊರು ಬಿಟ್ಟ ಮೇಲೆ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅವತ್ತೇ.

ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗತೊಡಗಿದವು. ಟೀವಿಯಲ್ಲಿ ಎಲ್ಲರ ಬಾಯಲ್ಲೂ ಚಿನ್ನದ ಮಾತು. ನೆಲ ಕೊರೆದು ಚಿನ್ನ ಹುಡುಕುವವರಿಗೆ ಮಾತ್ರ ಯಾರೂ ಬಿಡಿಗಾಸು ಬಿಚ್ಚುತ್ತಿರಲಿಲ್ಲ. ನ್ಯೂಯಾರ್ಕಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಈಗ ಬಂದಿರುವ ಕೋರಿನಲ್ಲಿ ಏನಾದರೂ ಸುಳಿವು ಸಿಕ್ಕರೆ ಇನ್ನಷ್ಟು ಆಳ ಕೊರೆಯೋಣ, ಇಲ್ಲದಿದ್ದರೆ ಅಂಗಡಿ ಮುಚ್ಚೋಣ. ಮುಖ್ಯಸ್ಥರು ಇದನ್ನು ನನಗೆ ಹೇಳುವಾಗ ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಗಣಿಯಲ್ಲಿ ಕಲಿತ ಇಂಗ್ಲಿಷು ಅವರಿಗೆ ಧಾರಾಳವಾಗಿತ್ತು. ಮನೆಗೆ ಹೋಗುವಾಗ ಕಾರಿನಲ್ಲಿ ಅವರೆಂದರು: "ಇದೊಂದು ಮುಚ್ಚಬಾರ್ದು ಕಣಮ್ಮ. ಒಂದು ನೋಡಿದ್ದೇ ಸಾಕು." ಅವತ್ತಿನಿಂದ ಆ ಮರುಭೂಮಿ ಅವರದೂ ಆಯಿತು.

ಆಯುಧಪೂಜೆ ಬಂತು. ಅಪ್ಪನ ಗಣಿಯಲ್ಲಿ ಆ ದಿನ ಸುತ್ತಿಗೆ, ದೀಪ, ಕೊರೆಯುವ ಯಂತ್ರ, ಜನರನ್ನು ಕೆಳಗಿಳಿಸುವ ಪಂಜರ ಎಲ್ಲಕ್ಕೂ ಕುಂಕುಮ ಬೀಳಬೇಕು. ಬೀಳದೆ ಯಾರೂ ಕೆಳಗಿಳಿಯುತ್ತಿರಲಿಲ್ಲ. ಹಿಂದಿನ ಭಾನುವಾರ ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿರುವ ನನ್ನ ನಾದಿನಿಯ ಮನೆಗೆ ಹೋದಾಗ ಅಪ್ಪ ಅಲ್ಲಿನ ಹಿಲ್‌ಸೈಡ್ ಅವೆನ್ಯೂದಲ್ಲಿ ನಮ್ಮ ದೇಶದವರ ಅಂಗಡಿಗಳನ್ನೆಲ್ಲ ಸುತ್ತಿ, ಕಣ್ಣು ಕುಕ್ಕುವ ಕೆಂಪು ಕುಂಕುಮದ ಪೊಟ್ಟಣ ತಂದಿದ್ದರು. ಪೂಜೆಯ ಬೆಳಿಗ್ಗೆ ಗೋದಾಮಿನಲ್ಲಿ ಕಲ್ಲು ಕೊಯ್ಯುವ ಗರಗಸ, ನನ್ನ ಸುತ್ತಿಗೆ, ಮಸೂರ, ಕಂಪ್ಯೂಟರ್ ಎಲ್ಲಕ್ಕೂ ಬೊಟ್ಟಿಟ್ಟರು. ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟಿನ ಚಕ್ರದಡಿ ನಿಂಬೆಹಣ್ಣು ಇಡಿಸಿದರು. ಮುಖ್ಯಸ್ಥರು ಟೋಪಿ ತೆಗೆದು, ಕೈಕಟ್ಟಿ ನಿಂತು ನೋಡಿದರು. ಅಷ್ಟರಲ್ಲಿ ಗಂಡನ ಫೋನ್ ಬಂತು. ಅವನ ಟೀಮಿನಲ್ಲಿ ಅರ್ಧ ಮಂದಿಯನ್ನು ಮನೆಗೆ ಕಳಿಸಿದ್ದಾರೆ, ತಾನಿನ್ನೂ ಉಳಿದಿದ್ದೇನೆ ಎಂದ. ನಾನು ಮಾತಾಡಲು ಹೊರಗೆ ಹೋದೆ, ಮುಖ್ಯಸ್ಥರು ಟೈಲ್ಸ್‌ನವರಿಗೆ ಬಾಳೆಹಣ್ಣು ಕೊಡಲು ಹೋದರು. ಒಳಗೆ ಅಪ್ಪ ಒಬ್ಬರೇ ಇದ್ದರು.

ಮರುದಿನ ಪೆಟ್ಟಿಗೆಗಳನ್ನು ಎತ್ತಿ ಇಳಿಸಿ, ಕೋರನ್ನು ಎರಡು ಪಾಲು ಮಾಡಿದೆವು. ಒಂದು ಪಾಲು ಪ್ರಯೋಗಾಲಯಕ್ಕೆ, ಇನ್ನೊಂದು ನಮ್ಮ ಬಳಿಯೇ ಉಳಿಯಬೇಕು. ಗಟ್ಟಿ ಕಲ್ಲನ್ನು ಗರಗಸದಲ್ಲಿ ನೀರು ಹಾಯಿಸಿ ಕೊಯ್ದೆವು. ಮಸಿಕಲ್ಲು ಮುಟ್ಟಿದರೆ ಪುಡಿಯಾಗುವಂಥದ್ದು. ಅದರ ಮೇಲಿನ ಅರ್ಧವನ್ನು ಕೈಯಿಂದಲೇ ಬಾಚಿ ಚೀಲಕ್ಕೆ ತುಂಬಿ, ಕೆಳಗಿನದನ್ನು ಪೆಟ್ಟಿಗೆಯಲ್ಲೇ ಬಿಟ್ಟೆವು. ಅದರಲ್ಲಿ ಮೊದಲೇ ತುಕ್ಕಿನ ಕೆಂಪು ಅಲ್ಲಲ್ಲಿ ಇತ್ತು. ಇನ್ನಷ್ಟು ಕೆಂಪು ಸೇರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಫಲಿತಾಂಶ ಬಂದಾಗ ಚಿನ್ನ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಆದರೆ ಮಸಿಕಲ್ಲಿನ ಕೆಲವು ಚೀಲಗಳಲ್ಲಿ ಪಾದರಸ ಯದ್ವಾತದ್ವಾ ಏರಿತ್ತು. ಮುಖ್ಯಸ್ಥರು ಆ ಹಾಳೆಯನ್ನು ಮೂರು ಸಲ ಓದಿದರು. ಪಾದರಸ ಎಲ್ಲಕ್ಕಿಂತ ದೂರ ಓಡಿಬರುವಂಥದ್ದು, ಅದು ಇಲ್ಲಿದೆ ಎಂದರೆ ಅದರ ಬೇರು ಕೆಳಗಿದೆ ಎಂದರು. ನ್ಯೂಯಾರ್ಕಿನವರೂ ಹೂಂ ಎಂದರು. ಮರುಭೂಮಿಯಲ್ಲಿ ಯಂತ್ರ ಮತ್ತೆ ತಿರುಗತೊಡಗಿತು. ಅಪ್ಪ ತಾವೇ ಅಡುಗೆಮನೆಗೆ ಹೋಗಿ, ಗಂಟುಗಂಟಾದ ಕೇಸರಿಬಾತ್ ಮಾಡಿ, ಗುಜರಾತಿ ಆಂಟಿಯ ಮನೆಗೂ ಕೊಟ್ಟುಬಂದರು. ಹೊಸ ಗಣಿಗೆ ಎಂಥ ಪಂಜರ ಬೇಕು, ಗಾಳಿಯ ದಾರಿ ಯಾವ ಕಡೆ ಬಿಡಬೇಕು ಎಂದು ಊಟದ ತಟ್ಟೆಯ ಮುಂದೆಯೇ ಶುರುವಾಗುತ್ತಿತ್ತು. ನೆವಾಡಾದಲ್ಲಿ ಮೇಲಿನಿಂದಲೇ ತೋಡುತ್ತಾರೆ, ಪಂಜರ ಬೇಕಾಗುವುದಿಲ್ಲ ಎಂದು ನಾನು ಹೇಳಿದರೆ, ತೋಡಿ ತೋಡಿ ಕೊನೆಗೆ ಕೆಳಗೆ ಇಳಿಯಲೇಬೇಕು ಎಂದು ವಾದಿಸುತ್ತಿದ್ದರು.

ನನಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು. ಪಾದರಸ ಏರಿದ ಕಡೆ ಆರ್ಸೆನಿಕ್, ಆಂಟಿಮನಿ ಸ್ವಲ್ಪವಾದರೂ ಏರಬೇಕಿತ್ತು. ಅವು ಇದ್ದಲ್ಲೇ ಇದ್ದವು. ನಮ್ಮ ಬಳಿ ಉಳಿದಿದ್ದ ಪಾಲಿನಿಂದ ಮತ್ತೆ ಸ್ವಲ್ಪ ತೆಗೆದು ಕಳಿಸಿದೆ. ಅದರಲ್ಲಿ ಪಾದರಸ ಇಲ್ಲವೇ ಇಲ್ಲ ಎಂದು ಉತ್ತರ ಬಂತು. ಒಂದೇ ಕಲ್ಲಿನ ಒಂದು ಹೋಳಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲವೆಂದರೆ ಅದು ಕಲ್ಲಿನದಲ್ಲ. ಆ ಬೆಳಿಗ್ಗೆ ಅಪ್ಪ ದೇವರ ಪಟಕ್ಕೆ ಕುಂಕುಮ ಇಡುತ್ತಿದ್ದರು. ಬಾಗಿಲಲ್ಲಿ ನಿಂತು ಆ ಕೆಂಪನ್ನೇ ನೋಡಿದೆ. ಅಗ್ಗದ ಕೆಂಪು ಕುಂಕುಮಕ್ಕೆ ಕೆಲವರು ಪಾದರಸದ ಬಣ್ಣ ಬೆರೆಸುತ್ತಾರೆಂದು ನಾನು ಎಲ್ಲೋ ಓದಿದ್ದೆ. ಆದಷ್ಟು ಸಾಧಾರಣ ದನಿಯಲ್ಲಿ, ಪೂಜೆಯ ದಿನ ಕಲ್ಲಿಗೂ ಕುಂಕುಮ ಇಟ್ಟಿದ್ದಿರಾ ಎಂದು ಕೇಳಿದೆ.

"ಇಟ್ಟೆ. ನೀನು ಚಿನ್ನ ಇಂಥಾ ಕಡೆ ಇರ್ತೈತೆ ಅಂದಿದ್ದೆಯಲ್ಲ, ಆ ಕಲ್ಲಿಗೇ ಇಟ್ಟೆ," ಎಂದರು. ಮುಖ್ಯವಾದದ್ದನ್ನು ಬಿಟ್ಟು ಸುತ್ತಿಗೆಗೆ ಮಾತ್ರ ಇಡುವುದು ಎಂಥ ಪೂಜೆ ಎಂದು ನನ್ನನ್ನೇ ಕೇಳಿದರು.

ಪೊಟ್ಟಣದಿಂದ ಒಂದು ಚಿಟಿಕೆಯನ್ನು ಅದೇ ಪ್ರಯೋಗಾಲಯಕ್ಕೆ ಕಳಿಸಿದೆ. ಮಿಕ್ಕದ್ದನ್ನು ದೇವರ ಮನೆಯಿಂದ ತೆಗೆದಿಟ್ಟೆ. ಅದು ಕಾಣದೆ ಅಪ್ಪ ದೇವರ ಪಟಕ್ಕೆ ಬರೀ ಅರಿಸಿನ ಇಡತೊಡಗಿದರು. ಉತ್ತರ ಬಂದ ದಿನ ಮೊದಲು ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನ್ಯೂಯಾರ್ಕಿಗೆ ತಾವೇ ಫೋನ್ ಮಾಡಿದರು. ಸಂಜೆಯೊಳಗೆ ಮರುಭೂಮಿಯ ಯಂತ್ರ ನಿಂತಿತು. ಕೊರೆಯಬೇಕೆಂದಿದ್ದ ಆಳವನ್ನು ಅದು ಇನ್ನೂ ಮುಟ್ಟಿರಲಿಲ್ಲ. ಕೆಳಗೆ ಏನಿತ್ತೋ, ಏನೂ ಇರಲಿಲ್ಲವೋ, ನಮಗೆ ತಿಳಿಯಲೇ ಇಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಮುಚ್ಚಿಡಬಹುದಿತ್ತು ಎಂದು ಗಂಡ ಈಗಲೂ ಅನ್ನುತ್ತಾನೆ. ಆದರೆ ಯಂತ್ರ ಯಾಕೆ ನಿಂತಿತೆಂದು ಅಪ್ಪ ಕೇಳದೆ ಬಿಡುತ್ತಿರಲಿಲ್ಲ, ನಾನು ಹೇಳುವ ಸುಳ್ಳನ್ನು ನಂಬುವಷ್ಟು ದಡ್ಡರೂ ಅವರಲ್ಲ. ಕುಂಕುಮದಲ್ಲಿ ಪಾದರಸ ಇತ್ತು ಎನ್ನುತ್ತಿದ್ದಂತೆಯೇ ಅವರಿಗೆ ಎಲ್ಲ ಅರ್ಥವಾಯಿತು. ಅವರ ಕಾಲದ ಗಣಿಯಲ್ಲಿ ಕಲ್ಲನ್ನು ಅರೆದು ಚಿನ್ನ ಹಿಡಿಯಲು ಪಾದರಸವನ್ನೇ ಬಳಸುತ್ತಿದ್ದರು. ಅದರ ಗುಣ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಎಡಗೈಯಿಂದ ಬಲಗೈಯ ಉಂಗುರದ ಬೆರಳನ್ನು ಹಿಡಿದುಕೊಂಡು ಹಾಗೇ ಕೂತರು. ನನಗೆ ಆ ಕುಂಕುಮ ಮಾರಿದವನ ಮೇಲೆ, ಬ್ಯಾಂಕುಗಳ ಮೇಲೆ, ಊಟದ ಹೊತ್ತಿಗೆ ವಾಪಸ್ಸಾಗುವ ನ್ಯೂಯಾರ್ಕಿನವರ ಮೇಲೆ ಸಿಟ್ಟು ಉಕ್ಕಿಬಂತು. ಅಪ್ಪನ ಮೇಲೆ ಬರಲಿಲ್ಲ. ಅವರನ್ನು ನೋಡಿ ಸಂಕಟವಾಗುತ್ತಿತ್ತು ಅಷ್ಟೇ.

ಆಮೇಲೆ ಅವರು ಮನೆಯಲ್ಲಿ ಏನನ್ನು ಮುಟ್ಟುವುದಕ್ಕೂ ಕೇಳತೊಡಗಿದರು. ಈ ಲೋಟ ತಗೊಳ್ಳಲಾ, ಈ ಸ್ವಿಚ್ ಹಾಕಲಾ ಎಂದು. ಒಂದು ವಾರ ಹೀಗಾದ ಮೇಲೆ, ಮುಖ್ಯಸ್ಥರನ್ನು ನೋಡಬೇಕು, ತಪ್ಪು ತನ್ನದು, ಮಗಳದಲ್ಲ ಎಂದು ಹೇಳಬೇಕು ಎಂದು ಪಟ್ಟು ಹಿಡಿದರು. ಸೂಟ್‌ಕೇಸಿನ ತಳದಿಂದ ಕೋಟು ತೆಗೆದು ಹಾಕಿಕೊಂಡರು.

ಗೋದಾಮಿನ ನಮ್ಮ ಮೂಲೆ ಆಗಲೇ ಅರ್ಧ ಖಾಲಿಯಾಗಿತ್ತು. ಕೋರನ್ನು ಎಲ್ಲಿಗೆ ಸಾಗಿಸುವುದೆಂದು ಯಾರೂ ಹೇಳಿರಲಿಲ್ಲವಾಗಿ ಪೆಟ್ಟಿಗೆಗಳು ಬಾಗಿಲ ಬಳಿ ಬಿದ್ದಿದ್ದವು. ಅಪ್ಪ ಮುಖ್ಯಸ್ಥರ ಮುಂದೆ ನೆಟ್ಟಗೆ ನಿಂತು, ಶಿಫ್ಟಿನ ಕೊನೆಗೆ ಸಾಹೇಬರಿಗೆ ವರದಿ ಒಪ್ಪಿಸುವವರಂತೆ, ನಡೆದದ್ದನ್ನೆಲ್ಲ ಮೊದಲಿನಿಂದ ಇಂಗ್ಲಿಷಿನಲ್ಲಿ ಹೇಳಿದರು. ಮುಖ್ಯಸ್ಥರು ಅರ್ಧದಲ್ಲೇ ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹೇಗೂ ಅಕ್ಟೋಬರಿನಲ್ಲೇ ಮುಚ್ಚುತ್ತಿತ್ತು, ನಿಮ್ಮಿಂದ ನನಗೆ ಇನ್ನಷ್ಟು ದಿನ ಸಿಕ್ಕಿತು ಎಂದರು. ಕಾಫಿ ಕೊಟ್ಟರು, ಕಾರಿನವರೆಗೆ ಬಂದು ಬೀಳ್ಕೊಟ್ಟರು. ಅಷ್ಟು ಒಳ್ಳೆಯ ಮನುಷ್ಯರನ್ನು ನಾನು ಕಂಡದ್ದು ಕಡಿಮೆ.

ಹೆದ್ದಾರಿಯ ಕಡೆ ಹೋಗುವ ರಸ್ತೆಯಲ್ಲಿ ಟ್ರಕ್ಕುಗಳ ಹಿಂದೆ ನಿಂತಿದ್ದೆವು. ಈಗಲಾದರೂ ಅಪ್ಪನ ಮನಸ್ಸು ಹಗುರಾಗಿರಬಹುದು ಎಂದುಕೊಂಡೆ.

"ಅವರು ನನ್ನ ಬೈಬೇಕಿತ್ತು ಕಣಮ್ಮ," ಎಂದರು.

ಇಲ್ಲಿಯವರು ಹಾಗೆಲ್ಲ ಬೈಯುವುದಿಲ್ಲ ಎಂದೆ. ಅಪ್ಪ ತಲೆಯಾಡಿಸಿದರು.

"ಅದಲ್ಲ. ನಮ್ಮ ಗಣೀಲಿ ಮೇಲಿನ ಕಲ್ಲಿಗೆ ಆಸರೆ ಕೊಡೋ ಒಂದು ಮರದ ತುಂಡು ಓರೆ ನಿಲ್ಸಿದ್ರೂ ಬೈತಿದ್ರು. ನಾನೂ ಬೈತಿದ್ದೆ. ನಾಳೆ ಬಂದು ಅದೇ ಜಾಗದಾಗೆ ಕೆಲಸ ಮಾಡ್ಬೇಕಲ್ಲ, ಅದಕ್ಕೆ. ಮುಚ್ಚಿದ ದಿನ ಮಾತ್ರ ಯಾರೂ ಯಾರನ್ನೂ ಬೈಲಿಲ್ಲ. ಎಲ್ಲರೂ ಹಿಂಗೇ ಕೈ ಹಿಡ್ಕೊಂಡ್ರು."

ನನಗೆ ತಡೆಯಲಾಗಲಿಲ್ಲ, ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತೆ. ಅಪ್ಪ ಅಳಬೇಡ ಎನ್ನಲಿಲ್ಲ. "ನೀನಾದ್ರೂ ಒಂದ್ ಮಾತು ಬೈಯಮ್ಮ," ಎಂದರು. ಮಾತು ಬಂದಾಗಿನಿಂದ ಅವರ ಜೊತೆ ಜಗಳವಾಡುತ್ತಲೇ ಬೆಳೆದವಳು ನಾನು. ಆ ದಿನ ಎಷ್ಟು ಹುಡುಕಿದರೂ ಒಂದು ಮಾತು ಸಿಗಲಿಲ್ಲ.