ರಿಪೇರಿ ಮಾಮನ ಕಿವಿ

ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟಿತೆಂದರೆ ಬೀದಿಯೆಲ್ಲ ನೆನೆಯುವುದು ರಿಪೇರಿ ಮಾಮನನ್ನೇ. ಬಂದವರೇ ಪೆಟ್ಟಿಗೆ ಬಿಚ್ಚುವವರಲ್ಲ. ಮೊದಲು ಅದಕ್ಕೆ ಕಿವಿಯಾನಿಸಿ ಡಾಕ್ಟರಂತೆ ‘ಹ್ಞೂಂ’ ಎನ್ನುತ್ತಾರೆ. ಬ್ಯಾಟರಿಯಲ್ಲಿ ನೀರು ಬತ್ತಿದ್ದರೆ, “ಬಾಯಾರಿದೋರು ಎಲ್ಲಿ ದುಡೀತಾರಮ್ಮಾ?” ಎಂದು ಮನೆಯವರನ್ನೇ ಗದರುತ್ತಾರೆ. ಕಿಲುಬು ಹಿಡಿದ ವೈರಿನ ತುದಿಯನ್ನು ಮಗುವಿನ ಮೂಗಿನಂತೆ ಒರೆಸುತ್ತಾರೆ. “ಈ ಬೀಪ್ ಸದ್ದು ತಲೆ ತಿನ್ನುತ್ತೆ” ಎಂದು ಯಾರಾದರೂ ಗೊಣಗಿದರೆ, “ಪಾಪ, ಅದು ಕರೀತಿದೆ, ಓಗೊಡಿ” ಎನ್ನುತ್ತಾರೆ. ಇಂಥ ಮಾಮನ ಮನೆಯ ಹಳೇ ಯುಪಿಎಸ್ ಮಾತ್ರ ಕರೆಂಟು ಹೋದಾಗಲೆಲ್ಲ ಬೀಪ್ ಬೀಪ್ ಎಂದು ಅರಚಿಕೊಂಡು ಆರಿಹೋಗುತ್ತದೆ. ಅದಕ್ಕೆ ಮಾಮ ಕೈ ಹಚ್ಚುವುದಿಲ್ಲ. ಬದುಕಿದ್ದಾಗ ಅವರ ಹೆಂಡತಿ ಆ ಸದ್ದಿಗೆ ಅಡುಗೆಮನೆಯಿಂದ, “ಬಂದೆ ಇರಪ್ಪಾ, ಬಂದೆ!” ಎಂದು ಕೂಗುತ್ತಿದ್ದರು. ಈಗಲೂ ಅದು ಕರೆಯುತ್ತದೆ. ಮಾಮ ಕತ್ತಲಲ್ಲಿ ಅಡುಗೆಮನೆಯ ಕಡೆಗೆ ಕಿವಿಗೊಟ್ಟು ಕೂರುತ್ತಾರೆ.