‘ಕೋಂ’ಗಾಗಿ ಕೊರೆದ ಕಿಂಡಿ

ನ್ಯಾಮತಿಯಲ್ಲಿ ಹಾಲಿನ ಡೇರಿಯ ಬಾಗಿಲು ಇನ್ನೂ ತೆರೆದಿಲ್ಲ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುವ ಹೇಮಾವತಿಯವರಿಗೆ ಪಕ್ಕದ ಚಹಾ ಕಂಡೇ ಇಲ್ಲ. ‘ಆರಿ ನೀರಾತು, ಕುಡಿಯೇ ಮಾರಾಯ್ತಿ’ ಎನ್ನುತ್ತಾರೆ ಅತ್ತೆ ಸರ್ವಮಂಗಳಮ್ಮ. ಸೊಸೆಯ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ. ಹತ್ತು ಗಂಟೆಯೊಳಗೆ ಒಂದು ತೀರ್ಮಾನ ಆಗಬೇಕು. ಅದು ತಪ್ಪಿದರೆ ಜಗಳೂರಿನ ತಿಪ್ಪೇಶನ ಅನ್ನಕ್ಕೆ ಕಲ್ಲು ಬೀಳುತ್ತದೆ.

ಹೇಮಾವತಿ ಸಣ್ಣ ಸಂಸ್ಥೆಯೊಂದರ ಬ್ರೌಸರ್‌ಗೆ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಕಟ್ಟುವವರು. ಊರಲ್ಲಿ ಇದು ಯಾರಿಗೆ ತಾನೇ ಅರ್ಥವಾಗಬೇಕು? ‘ಏನೋ ಓದಿಸ್ತಾಳೆ’ ಎಂದು ಅತ್ತೆ ಹೇಳಿದ್ದನ್ನು ಕೇಳಿ ಇಬ್ಬರು ತಾಯಂದಿರು ಮಕ್ಕಳನ್ನು ಟ್ಯೂಷನ್‌ಗೆ ಕಳಿಸಿದ್ದೂ ಉಂಟು.

ತಿಪ್ಪೇಶನಿಗೆ ಕಣ್ಣು ಕಾಣುವುದಿಲ್ಲ. ಜಗಳೂರಿನ ಆನ್‌ಲೈನ್ ಸೆಂಟರ್ ಒಂದರಲ್ಲಿ ಬ್ರೌಸರ್ ಓದಿದ್ದನ್ನು ಕೇಳಿಸಿಕೊಂಡೇ ಜನರ ಅರ್ಜಿ ತುಂಬುತ್ತಾನೆ. ಹೋದ ತಿಂಗಳು ಭೀಮಕ್ಕ ಎಂಬಾಕೆಯ ವಾಸಸ್ಥಳ ಪ್ರಮಾಣಪತ್ರದ ಅರ್ಜಿ ಬಂತು. ಹಳೆಯ ಪತ್ರದಲ್ಲಿ ‘ಭೀಮಕ್ಕ ಕೋಂ ಜಯಪ್ಪ’ ಎಂದಿತ್ತು. ಜಯಪ್ಪನ ಹೆಂಡತಿ ಭೀಮಕ್ಕ ಎನ್ನುವುದನ್ನು ನಮ್ಮ ಕಚೇರಿ ಕಾಗದಗಳಲ್ಲಿ ಹಾಗೆ ಬರೆಯುವುದು ವಾಡಿಕೆ. ಯಂತ್ರಕ್ಕೇನು ಗೊತ್ತು, ಕೋಂ ಎಂದರೆ ವೆಬ್ ವಿಳಾಸದ ಬಾಲ ಎಂದುಕೊಂಡು ಅದು ‘ಭೀಮಕ್ಕ ಡಾಟ್ ಕಾಮ್ ಜಯಪ್ಪ’ ಎಂದು ಓದಿತು. ಇದೆಲ್ಲೋ ಕೆಟ್ಟಿದೆ ಎಂದುಕೊಂಡ ತಿಪ್ಪೇಶ, ಜಯಪ್ಪನನ್ನು ಅಂದಾಜಿನ ಮೇಲೆ ತಂದೆಯ ಜಾಗದಲ್ಲಿ ಬರೆದ. ಅರ್ಜಿ ವಾಪಸ್ ಬಂತು.

‘ಇನ್ನೊಂದ್ಸಲ ಹಿಂಗಾದ್ರೆ ಬ್ಯಾರೆಯವರನ್ನ ಕೂರಿಸ್ತೀನಿ ಅಂದಾರೆ ಸೆಂಟರ್ ಮಾಲೀಕರು, ಹೇಮಕ್ಕ’ ಎಂದು ಅವನು ಹೇಮಾವತಿಗೆ ಫೋನಿನಲ್ಲಿ ಹೇಳಿದ. ಭೀಮಕ್ಕ ಮತ್ತೆ ಬರುವುದು ಇವತ್ತೇ.

ತಿದ್ದುವುದು ಕಷ್ಟವಲ್ಲ. ತಿದ್ದಿದ್ದನ್ನು ಎಲ್ಲಿ ಇಡಬೇಕು ಎನ್ನುವುದೇ ಜಗಳ. ‘ಬ್ರೌಸರ್ ಒಳಗೇ ಸೇರಿಸಿಬಿಡು ಹೇಮಾ, ಗಟ್ಟಿಯಾಗಿರುತ್ತೆ’ ಎನ್ನುತ್ತಾರೆ ಸಂಸ್ಥೆಯಲ್ಲಿ ಅವರ ಮೇಲಿನವರಾದ ಮೇಘಶ್ರೀ.

‘ಒಳಗೆ ಸೇರಿಸಿದ್ರೆ ಒಂದೊಂದು ಪದ ತಿದ್ದಾಕೂ ಬ್ರೌಸರ್‌ನ ಮುಂದಿನ ಆವೃತ್ತಿ ತನಕ ಕಾಯ್ಬೇಕು ಮೇಡಂ. ಇವತ್ತು ಕೋಂ, ನಾಳೆ ಇಂಥವರ ಮಗ ಅನ್ನಾಕೆ ಬರೆಯೋ ಬಿನ್. ತಿಪ್ಪೇಶ ಅಲ್ಲೀತನಕ ಕುರ್ಚಿ ಮೇಲೆ ಇರ್ತಾನಾ?’

ಇನ್ನೊಂದು ದಾರಿ ಎಕ್ಸ್‌ಟೆನ್ಷನ್, ಬ್ರೌಸರ್‌ಗೆ ಬೇರೆಯಾಗಿ ಸಿಕ್ಕಿಸುವ ತುಂಡು. ಅದನ್ನು ಬೇಕೆಂದಾಗ ತಿದ್ದಿ ಅವತ್ತೇ ಕಳಿಸಬಹುದು. ಹೇಮಾವತಿ ಹಾಗೇ ಕಟ್ಟಿದ್ದಾರೆ. ಬೆಳಿಗ್ಗೆ ಕೊನೆಯ ಪರೀಕ್ಷೆಗೆ ಭೀಮಕ್ಕನ ಪತ್ರವನ್ನು ಪಿಡಿಎಫ್‌ನಲ್ಲಿ ತೆರೆದರೆ ಬ್ರೌಸರ್ ತುಟಿ ಪಿಟಕ್ಕೆನ್ನುತ್ತಿಲ್ಲ. ಆ ಪುಟ ಬ್ರೌಸರ್‌ನ ಸ್ವಂತ ಕೋಣೆ, ಹೊರಗಿನ ತುಂಡಿಗೆ ಪ್ರವೇಶವಿಲ್ಲ.

‘ಆಗ ತಲೆಗೆ ಹೊಳೀತು ರೀ. ಎರಡರಲ್ಲಿ ಒಂದೇ ಆಗ್ಬೇಕು ಅಂತ ಯಾರು ಹೇಳ್ಯಾರೆ? ಪದಗಳು ಎಕ್ಸ್‌ಟೆನ್ಷನ್‌ನಾಗೇ ಇರ್ಲಿ, ಗೋಡೆಗೆ ಒಂದು ಸಣ್ಣ ಕಿಂಡಿ ಕೊರೆದ್ರೆ ಸಾಕು’ ಎನ್ನುತ್ತಾರೆ ಹೇಮಾವತಿ.

ಕಿಂಡಿ ದೊಡ್ಡದಾದರೆ ಕಂಡವರೆಲ್ಲ ಇಣುಕುತ್ತಾರೆ ಎನ್ನುವ ಭಯ ಮೇಘಶ್ರೀಯವರದು, ಅದು ಸುಳ್ಳೂ ಅಲ್ಲ. ಅದಕ್ಕೇ ಹೇಮಾವತಿ ಆ ಕಿಂಡಿಯನ್ನು ತಮ್ಮ ತುಂಡೊಂದಕ್ಕೇ ತೆರೆಯುತ್ತಾರೆ. ಪುಟದ ಅಕ್ಷರ ಮಾತ್ರ ಅದರಿಂದ ಹೊರಗೆ ಬರಬೇಕು, ಧ್ವನಿ ಮಾತ್ರ ಒಳಗೆ ಹೋಗಬೇಕು. ಮೇಘಶ್ರೀ ಸಾಲು ಸಾಲಾಗಿ ನೋಡುತ್ತಾರೆ, ಒಂದು ಕಡೆ ತಡೆಯುತ್ತಾರೆ, ಹೇಮಾವತಿ ತಿದ್ದುತ್ತಾರೆ. ಇವತ್ತು ಹೊರಡುವ ಆವೃತ್ತಿಯ ಬಾಗಿಲು ಹತ್ತಕ್ಕೆ ಇನ್ನೇನು ಮುಚ್ಚಬೇಕು ಎನ್ನುವಾಗ ‘ಸರಿ, ಕಳಿಸು’ ಎಂಬ ಮಾತು ಬರುತ್ತದೆ.

ಹೊಸ ಆವೃತ್ತಿ ಜಗಳೂರು ಮುಟ್ಟಿದಾಗ ಭೀಮಕ್ಕ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ತಿಪ್ಪೇಶ ಫೋನನ್ನು ಸ್ಪೀಕರ್‌ಗೆ ಹಾಕಿ ಪತ್ರ ತೆರೆಯುತ್ತಾನೆ. ಇತ್ತ ನ್ಯಾಮತಿಯಲ್ಲಿ ಅತ್ತೆ ಸೊಸೆ ಇಬ್ಬರೂ ಫೋನಿಗೆ ಕಿವಿಗೊಟ್ಟಿದ್ದಾರೆ.

‘ಭೀಮಕ್ಕ, ಜಯಪ್ಪ ಅವರ ಹೆಂಡತಿ’ ಎನ್ನುತ್ತದೆ ಯಂತ್ರ.

ಆ ಕಡೆಯಿಂದ ಭೀಮಕ್ಕನ ದನಿ ಕೇಳುತ್ತದೆ. ‘ಅವರು ಹೋಗಿ ವರ್ಷ ಆತಪ್ಪ. ಇನ್ನೊಂದ್ಸಲ ಓದಿಸು.’

ತಿಪ್ಪೇಶ ಓದಿಸುತ್ತಾನೆ, ಆಮೇಲೆ ಅರ್ಜಿ ತುಂಬುತ್ತಾನೆ. ಗಂಡನ ಹೆಸರು ಗಂಡನ ಜಾಗದಲ್ಲೇ ಕೂರುತ್ತದೆ, ತಿಪ್ಪೇಶ ತನ್ನ ಕುರ್ಚಿಯಲ್ಲಿ.

ಆಸೆ ಏನು ಎಂದು ಕೇಳಿದರೆ ಹೇಮಾವತಿ ಆರಿದ ಚಹಾವನ್ನೇ ಒಂದು ಗುಟುಕು ಕುಡಿಯುತ್ತಾರೆ. ‘ದೊಡ್ಡದೇನಿಲ್ಲ ರೀ. ಭೀಮಕ್ಕ ಇನ್ನೊಂದ್ಸಲ ಓದಿಸು ಅಂದ್ರಲ್ಲ, ಆವಾಗ್ಲೂ ಅದು ತಪ್ಪದಂಗೆ ಓದ್ಬೇಕು.’