ನಾಯಿಯ ಅಳತೆಗೆ ಸಿಕ್ಕ ಗಿಡುಗ

ಅವಳನ್ನು ಆಫೀಸಿನಲ್ಲಿ ಎಲ್ಲರೂ ‘ಸಿಡುಕಿ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಲಿಫ್ಟ್ ತಡವಾದರೆ ಲಿಫ್ಟಿಗೆ ಬೈಯುವಳು, ಚಹಾ ಆರಿದ್ದರೆ ಲೋಟಕ್ಕೆ ಬೈಯುವಳು. “ಇವಳು ಹುಟ್ಟಿದಾಗ ಅಳಲಿಲ್ಲ, ಸೂಲಗಿತ್ತಿ ಜೊತೆ ಜಗಳಕ್ಕೆ ನಿಂತಳು” ಎಂದು ತಾಯಿ ಹೇಳುತ್ತಿದ್ದಳು. ಅಂಥವಳು ಪ್ರಾಣಿಯ ಕಣ್ಣಿನ ಚಿತ್ರ ಮುಂದೆ ಬಂದರೆ ಮಾತ್ರ ಗಂಟೆಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ.

ಪಶುವೈದ್ಯರಿಗಾಗಿ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳು ಪರದೆಯಿದೆಯಲ್ಲ, ಅದರ ಚಿತ್ರವನ್ನು ಯಂತ್ರ ತೆಗೆಯುತ್ತದೆ. ಪದರ ಎಲ್ಲಿ ಸವೆದಿದೆ, ಗಾಯದ ಕಲೆ ಎಷ್ಟು ಅಗಲ ಎಂದು ಅಳೆದು ಹೇಳುವುದು ಸಾಫ್ಟ್‌ವೇರ್. ಆದರೆ ಚಿತ್ರದಲ್ಲಿ ಇಲಿಯ ಕಣ್ಣೂ ಕುದುರೆಯ ಕಣ್ಣೂ ಒಂದೇ ಗಾತ್ರ! ಎರಡೂ ಪರದೆಯ ತುಂಬ ಕಾಣುತ್ತವೆ. ಪ್ರಾಣಿ ಯಾವುದೆಂದು ಹೇಳದೆ ಅಳೆದರೆ ಬರುವುದು ಶುದ್ಧ ಸುಳ್ಳು. ಅದಕ್ಕೇ ಅವಳು ಪ್ರಾಣಿಯ ಹೆಸರು ಆರಿಸುವ ತನಕ ಸಾಫ್ಟ್‌ವೇರ್ ಅಳೆಯದ ಹಾಗೆ ಮಾಡಿಟ್ಟಿದ್ದಳು.

ಕಂಪನಿಯ ಯಜಮಾನನಿಗೆ ಅದು ಹಿಡಿಸಲಿಲ್ಲ.

“ಬರೋದೆಲ್ಲ ಹೆಚ್ಚುಕಮ್ಮಿ ನಾಯಿಗಳೇ. ಪ್ರತಿ ಸಲ ಆರಿಸು ಅಂದ್ರೆ ಡಾಕ್ಟರುಗಳು ಗೊಣಗ್ತಾರೆ. ಏನೂ ಆರಿಸದಿದ್ರೆ ನಾಯಿ ಅಂತ್ಲೇ ತಗೊಳ್ಳಲಿ ಬಿಡಮ್ಮ.”

“ಕೋಳಿ ತಂದಿಟ್ರೂ ನಾಯಿ ಅನ್ನುತ್ತೆ ಸಾರ್. ಬೊಗಳೋದೊಂದು ಬಾಕಿ.”

ಸುತ್ತಲಿದ್ದವರು ನಕ್ಕರು. ಯಜಮಾನ ನಗಲಿಲ್ಲ. “ಹೇಳಿದಷ್ಟು ಮಾಡು” ಎಂದು ಎದ್ದು ಹೋದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಗಲಿ ಮಹರಾಯ, ಎಲ್ಲವೂ ನಾಯಿ, ನೀನೂ ನಾಯಿ, ಎಂದು ಮನಸ್ಸಿನಲ್ಲೇ ಬೈಯುತ್ತ, ಕೀಲಿಗಳನ್ನು ಕುಟ್ಟಿ ಕುಟ್ಟಿ, ಅವನು ಹೇಳಿದ್ದನ್ನೇ ಬರೆದು ಬಿಸಾಕಿದಳು. ‘ಪ್ರಾಣಿಯನ್ನು ಆರಿಸಿಲ್ಲ, ಅಳತೆ ತಪ್ಪಿರಬಹುದು’ ಎಂದು ಕೆಂಪಕ್ಷರದಲ್ಲಿ ಒಂದು ಸಾಲು ಹಾಕುವುದಕ್ಕೆ ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಕಲಿಲ್ಲ. ಅನುಭವಿಸಲಿ ಎಂಬ ಹಟ.

ಅವಳ ತಂಗಿ ಬೇರೆಯೇ ಜಾತಿಯವಳು, ಇರುವೆಗೂ ದಾರಿ ಬಿಡುವವಳು. ಪೆಟ್ಟಾದ ಹಕ್ಕಿಗಳನ್ನು ಸಾಕಿ ಮತ್ತೆ ಹಾರಿಬಿಡುವ ಕೇಂದ್ರದಲ್ಲಿ ಕೆಲಸ. ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಫೋನು ಬಂತು. ದನಿ ಒಡೆದಿತ್ತು.

“ಅಕ್ಕಾ, ಕಿಟಕಿ ಗಾಜಿಗೆ ಬಡಿದು ಬಿದ್ದಿದ್ದ ಸಣ್ಣ ಗಿಡುಗ ಇತ್ತಲ್ಲ? ರೆಕ್ಕೆ ಸರಿಹೋಗಿದೆ. ಆದ್ರೆ ಕಣ್ಣೊಳಗಿನ ಕಲೆ ತುಂಬಾ ದೊಡ್ಡದಂತೆ. ಬೇಟೆ ಆಡೋಕಾಗಲ್ಲ, ಹೊರಗೆ ಬಿಟ್ರೆ ಹಸಿದು ಸಾಯುತ್ತೆ ಅಂತ ಡಾಕ್ಟರು ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಿಬಿಡ್ತಾರಂತೆ. ನಿನ್ನ ಸಾಫ್ಟ್‌ವೇರೇ ಅಳೆದು ಹೇಳಿದ್ದು.”

“ಚಿತ್ರ ಕಳಿಸು, ಬೇಗ.”

ಚಿತ್ರ ಬಂತು. ಕೆಳಗಿನ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿತ್ತು: ನಾಯಿ.

“ಸೂಜಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಹೇಳು ಅವ್ರಿಗೆ!” ಎಂದು ಕಿರುಚಿದವಳೇ ಯಜಮಾನನ ಕೋಣೆಗೆ ನುಗ್ಗಿ, ಬಾಯಿಗೆ ಬಂದದ್ದನ್ನೆಲ್ಲ ಬೈದು, ಅವನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿಳಿದು ರಸ್ತೆಯಲ್ಲಿದ್ದಳು. ಟ್ಯಾಕ್ಸಿಯ ಚಾಲಕನಿಗೂ ದಾರಿಯುದ್ದಕ್ಕೂ ಬೈಗುಳ ಸಿಕ್ಕಿತು, ಪಾಪ.

ಕೇಂದ್ರದಲ್ಲಿ ಫಿನಾಯಿಲ್ ವಾಸನೆ. ಗೋಡೆಯುದ್ದಕ್ಕೂ ಪಂಜರಗಳು. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ, ಅದಕ್ಕೊಂದು ಟವೆಲ್ಲು ಮುಚ್ಚಿತ್ತು. ಒಳಗಿನಿಂದ ಉಗುರು ಕೆರೆಯುವ ಸದ್ದು. ಗಿಡುಗ ಇನ್ನೂ ಬದುಕಿತ್ತು.

ಅವಳು ಡಾಕ್ಟರನ್ನು ಪಕ್ಕಕ್ಕೆ ತಳ್ಳಿ ಕಂಪ್ಯೂಟರಿನ ಮುಂದೆ ಕೂತಳು. ನಾಯಿಯನ್ನು ತೆಗೆದು ಸಣ್ಣ ಗಿಡುಗವನ್ನು ಆರಿಸಿದಳು. ಕಲೆಯ ಅಗಲ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು.

ಡಾಕ್ಟರು ಬಗ್ಗಿ ನೋಡಿದರು. “ಇಷ್ಟೇ ಆದ್ರೆ ಏನೂ ಭಯ ಇಲ್ಲ. ಹಾರುತ್ತೆ, ಬೇಟೇನೂ ಆಡುತ್ತೆ.” ಕೈಯಲ್ಲಿದ್ದ ಸೂಜಿಯನ್ನು ತಟ್ಟೆಗೆ ಹಾಕಿದರು.

“ಕಣ್ಣು ನೋಡೋ ಡಾಕ್ಟರಲ್ವಾ ನೀವು? ಮೂಲೆಯಲ್ಲಿ ನಾಯಿ ಅಂತ ಬರೆದಿರೋದು ಕಾಣಿಸ್ಲಿಲ್ವಾ? ಕೊಕ್ಕಿರೋ ನಾಯೀನ ಎಲ್ಲಿ ನೋಡಿದೀರಿ?”

“ಆರಿಸೋ ಜಾಗ ಖಾಲಿ ಇತ್ತಮ್ಮ. ಆದ್ರೂ ಅಳತೆ ಬಂತು. ತಪ್ಪಿದ್ರೆ ಅದೇ ನಿಲ್ಲಿಸ್ತಿತ್ತು ಅಂದ್ಕೊಂಡೆ. ಮೊದಲೆಲ್ಲ ನಿಲ್ಲಿಸ್ತಿತ್ತಲ್ಲ?”

ಹಿಂದಿನಿಂದ ತಂಗಿಯ ದನಿ ಕೇಳಿತು.

“ಅಕ್ಕಾ, ಹೋದ ತಿಂಗಳು ಒಂದು ಪುಟ್ಟ ಗೂಬೆ ಬಂದಿತ್ತು. ಅದರ ಕಣ್ಣನ್ನೂ ಇದರಲ್ಲೇ ಅಳೆದಿದ್ದು.”

ಡಾಕ್ಟರು ಹಳೆಯ ಚಿತ್ರ ಹುಡುಕಿ ತೆಗೆದರು. ಮೂಲೆಯಲ್ಲಿ ನಾಯಿ. ಅವಳು ಗೂಬೆಯನ್ನು ಆರಿಸಿದಳು. ಆ ಕಲೆ ಗಿಡುಗದ ಕಲೆಗಿಂತಲೂ ಚಿಕ್ಕದಿತ್ತು.

ತಂಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. “ಸೂಜಿ ಹಾಕೋವಾಗ ನಾನೇ ಹಿಡ್ಕೊಂಡಿದ್ದೆ. ನನ್ನ ಕೈ ಅಂದ್ರೆ ಸುಮ್ನಿರ್ತಿತ್ತು ಅಂತ.”

ಪೆಟ್ಟಿಗೆಯೊಳಗೆ ಗಿಡುಗ ರೆಕ್ಕೆ ಬಡಿಯಿತು.

“ಏನಾದ್ರೂ ಹೇಳು ಅಕ್ಕಾ. ಬೈಯಿ, ಯಾರನ್ನಾದ್ರೂ ಬೈಯಿ.”

ಸಿಡುಕಿ ಡಾಕ್ಟರ ಕಡೆ ನೋಡಿದಳು. ಯಜಮಾನನನ್ನು ನೆನೆದಳು. ಆಮೇಲೆ ತಾನು ಹಾಕದೆ ಬಿಟ್ಟ ಆ ಕೆಂಪಕ್ಷರದ ಸಾಲು ನೆನಪಾಯಿತು. ಬಾಯಿ ತೆರೆದಳು. ಒಂದು ಬೈಗುಳವೂ ಹೊರಡಲಿಲ್ಲ.